ಗಂಜಿ ಎಷ್ಟು ಗಟ್ಟಿ ಇರಬೇಕು? ಹಳ್ಳಿಯ ಪೌಷ್ಟಿಕತೆ: ಓದುಗರ ಪ್ರಶ್ನೆ, ತಜ್ಞರ ಉತ್ತರ

ಪ್ರಶ್ನೆ: ನಮ್ಮ ಹಳ್ಳಿಯ ಮಹಿಳಾ ಸಂಘದಿಂದ ಒಂದು ವರ್ಷದಿಂದ ಪೌಷ್ಟಿಕ ಆಹಾರದ ಸಭೆ ನಡೆಸುತ್ತಿದ್ದೇವೆ. ಹಣ್ಣು, ಹಾಲು, ಸೊಪ್ಪು, ಕೈತೊಳೆಯುವುದು, ವ್ಯಾಯಾಮ ಎಲ್ಲ ಹೇಳಿದ್ದಾಯಿತು. ಬಂದವರು ತಲೆಯಾಡಿಸಿ ಹೋಗುತ್ತಾರೆ, ಅಡುಗೆ ಮಾತ್ರ ಹಾಗೇ ಇದೆ. ಎಲ್ಲಿ ತಪ್ಪುತ್ತಿದ್ದೇವೆ?

ಎಲ್ಲವನ್ನೂ ಒಟ್ಟಿಗೆ ಹೇಳಿದ್ದೇ ತಪ್ಪು. ಅಷ್ಟನ್ನು ಕೇಳಿ ಹೋದವರಿಗೆ ಸಂಜೆ ಒಲೆ ಹಚ್ಚುವಾಗ ಒಂದೂ ನೆನಪಿರುವುದಿಲ್ಲ. ಮೂರು ತಿಂಗಳಿಗೆ ಒಂದೇ ವಿಷಯ ಹಿಡಿಯಿರಿ.

ಮೊದಲು ಅಳತೆಯಿಂದ ಶುರುಮಾಡಿ. 6 ತಿಂಗಳಿಂದ 5 ವರ್ಷದೊಳಗಿನ ಪ್ರತಿ ಮಗುವಿನ ಎಡತೋಳಿನ ಸುತ್ತಳತೆ ತೆಗೆಯಿರಿ. ಭುಜದ ತುದಿಗೂ ಮೊಣಕೈ ತುದಿಗೂ ನಡುವಿನ ಜಾಗ ಗುರುತು ಹಾಕಿ, ತೋಳು ಸಡಿಲವಾಗಿ ಇಳಿಬಿಟ್ಟಿರುವಾಗ ಪಟ್ಟಿ ಸುತ್ತಿ. ಎಳೆದು ಬಿಗಿದರೆ ಅಳತೆ ಕಡಿಮೆ ಬರುತ್ತದೆ. ಹೆಚ್ಚಿನ ತಪ್ಪು ಆಗುವುದು ಇಲ್ಲೇ. 115 ಮಿ.ಮೀ.ಗಿಂತ ಕಡಿಮೆ ಇದ್ದರೆ ತೀವ್ರ ಅಪೌಷ್ಟಿಕತೆ. ಎರಡೂ ಪಾದಗಳಲ್ಲಿ ಊತ ಇದ್ದರೂ ಹಾಗೆಯೇ. ಇಂಥ ಮಗುವನ್ನು ಅಂದೇ ಆಸ್ಪತ್ರೆಗೆ ಕಳಿಸಿ, ಅಡುಗೆಯ ಪಾಠಕ್ಕೆ ಕಾಯಿಸಬೇಡಿ. 115ರಿಂದ 125ರೊಳಗಿನ ಮಕ್ಕಳ ಮನೆಗಳಲ್ಲೇ ನಿಮ್ಮ ಕೆಲಸ ಹೆಚ್ಚು.

ಆಮೇಲೆ ಉಲ್ಟಾ ಪ್ರಶ್ನೆ ಕೇಳಿ: ಅಷ್ಟೇ ಬಡತನದಲ್ಲಿದ್ದೂ ಯಾರ ಮನೆಯ ಮಗು ಚೆನ್ನಾಗಿದೆ? 1990ರ ದಶಕದ ಆರಂಭದಲ್ಲಿ ವಿಯೆಟ್ನಾಂನ ಹಳ್ಳಿಗಳಲ್ಲಿ ಸೇವ್ ದ ಚಿಲ್ಡ್ರನ್ ಎಂಬ ನೆರವು ಸಂಸ್ಥೆಯ ಜೆರ್ರಿ ಮತ್ತು ಮೋನಿಕ್ ಸ್ಟರ್ನಿನ್ ದಂಪತಿ ಹುಡುಕಿದ್ದು ಇದನ್ನೇ. ಅಂಥ ಮನೆಗಳ ತಾಯಂದಿರು ಗದ್ದೆಯಲ್ಲಿ ಸಿಗುವ ಪುಟ್ಟ ಸೀಗಡಿ, ಏಡಿಗಳನ್ನೂ ಗೆಣಸಿನ ಸೊಪ್ಪನ್ನೂ ಮಗುವಿನ ಅನ್ನಕ್ಕೆ ಬೆರೆಸುತ್ತಿದ್ದರು, ದಿನಕ್ಕೆ ಹೆಚ್ಚು ಸಲ ಉಣಿಸುತ್ತಿದ್ದರು. ಉಳಿದವರು ಅದನ್ನು ಚಿಕ್ಕ ಮಕ್ಕಳ ಊಟವೆಂದೇ ಎಣಿಸಿರಲಿಲ್ಲ. ಅಲ್ಲಿ ಭಾಷಣ ಮಾಡಲಿಲ್ಲ. ತಾಯಂದಿರೇ ಅವನ್ನು ಹಿಡಿದು ತಂದು, ಒಟ್ಟಿಗೆ ಬೇಯಿಸಿ, ಅಲ್ಲೇ ಮಕ್ಕಳಿಗೆ ಉಣಿಸಿದರು. ನೀವೂ ಅಂಥ ಎರಡು ಮೂರು ಮನೆ ಹುಡುಕಿ, ಊಟದ ಹೊತ್ತಿಗೇ ಹೋಗಿ ನೋಡಿ. ಬಾಯಿಮಾತಿನಲ್ಲಿ ಕೇಳಿದರೆ ಎಲ್ಲರೂ "ಚೆನ್ನಾಗಿ ತಿನ್ನಿಸ್ತೀವಿ" ಎಂದೇ ಹೇಳುತ್ತಾರೆ. ಅಲ್ಲಿ ಕಂಡದ್ದನ್ನು ಹತ್ತು ಹನ್ನೆರಡು ದಿನ ಬಿಡದೆ ಒಂದೆಡೆ ಬೇಯಿಸಿ ಉಣಿಸಿ. ಕೈಗೆ ರೂಢಿಯಾಗಲು ಅಷ್ಟು ದಿನ ಬೇಕು.

ಪ್ರಶ್ನೆ: ಮಗುವಿಗೆ 9 ತಿಂಗಳು. ಎದೆಹಾಲಿನ ಜೊತೆ ದಿನಕ್ಕೆ ಮೂರು ಸಲ ಗಂಜಿ ಕುಡಿಸುತ್ತೇನೆ, ಹೊಟ್ಟೆ ತುಂಬಾ ಕುಡಿಯುತ್ತದೆ. ಆದರೂ ತೂಕ ಏರುತ್ತಿಲ್ಲ.

"ಕುಡಿಸುತ್ತೇನೆ" ಎಂಬ ಮಾತಿನಲ್ಲೇ ಉತ್ತರ ಇದೆ. ಕುಡಿಯಲು ಬರುವಷ್ಟು ತೆಳು ಗಂಜಿಯಲ್ಲಿ ನೀರೇ ಹೆಚ್ಚು. ಲೆಕ್ಕ ಹಾಕೋಣ. ಈ ವಯಸ್ಸಿನ ಮಗುವಿಗೆ ಎದೆಹಾಲಲ್ಲದೆ ಮೇಲಿನ ಆಹಾರದಿಂದ ದಿನಕ್ಕೆ ಸುಮಾರು 300 ಕ್ಯಾಲೊರಿ ಬೇಕು. ಅರ್ಧ ಬಟ್ಟಲು, ಅಂದರೆ 125 ಮಿ.ಲೀ. ತೆಳು ಗಂಜಿಗೆ ಬೀಳುವ ಹಿಟ್ಟು ಸುಮಾರು 6 ಗ್ರಾಂ. ಅದರಿಂದ ಸಿಗುವುದು 20 ಚಿಲ್ಲರೆ ಕ್ಯಾಲೊರಿ, ಮೂರು ಹೊತ್ತಿಗೆ 65. ಹೊಟ್ಟೆ ತುಂಬಿತು, ಮಗು ಮಾತ್ರ ಹಸಿದೇ ಇದೆ. ಅದೇ ಅರ್ಧ ಬಟ್ಟಲಿಗೆ 18-20 ಗ್ರಾಂ ಹಿಟ್ಟು ಹಾಕಿ ಗಟ್ಟಿಯಾಗಿ ಬೇಯಿಸಿ, ಇಳಿಸಿದ ಮೇಲೆ ಒಂದು ಟೀ ಚಮಚ ಎಣ್ಣೆಯನ್ನೋ ತುಪ್ಪವನ್ನೋ ಬೆರೆಸಿದರೆ 100 ದಾಟುತ್ತದೆ. ಮೂರು ಹೊತ್ತಿಗೆ ಲೆಕ್ಕ ಸರಿಹೋಯಿತು.

ಪರೀಕ್ಷೆ ಸುಲಭ. ಚಮಚದಲ್ಲಿ ತೆಗೆದು ಓರೆ ಮಾಡಿ. ಸರ್ರನೆ ಇಳಿದರೆ ತೆಳು, ಚಮಚಕ್ಕೆ ಅಂಟಿ ನಿಧಾನ ಜಾರಿದರೆ ಸರಿ. ಹಾಲಿನ ಬಾಟಲಿಯಲ್ಲಿ ಹೋಗುವ ಗಂಜಿ ಎಂದಿಗೂ ಸಾಲದು.

ಗಟ್ಟಿ ಮಾಡಿದರೆ ನುಂಗುವುದಿಲ್ಲ ಎಂದು ಅನೇಕರು ಮತ್ತೆ ನೀರು ಸುರಿಯುತ್ತಾರೆ. ಅದಕ್ಕೆ ಮೊಳಕೆ ಹಿಟ್ಟು ಒಳ್ಳೆಯ ಉಪಾಯ. ಧಾನ್ಯವನ್ನು ರಾತ್ರಿ ನೆನೆಸಿ, ಬಸಿದು, ಒದ್ದೆ ಬಟ್ಟೆಯಲ್ಲಿ ಒಂದೆರಡು ದಿನ ಕಟ್ಟಿಡಿ. ಮೊಳಕೆ ಬಂದ ಮೇಲೆ ಬಿಸಿಲಲ್ಲಿ ಗರಿಗರಿಯಾಗಿ ಒಣಗಿಸಿ, ಉಜ್ಜಿ ಮೊಳಕೆ ಉದುರಿಸಿ ಬೀಸಿಕೊಳ್ಳಿ. ಜೋಳವಾದರೆ ಮೊಳಕೆ ಉದುರಿಸುವುದನ್ನು ಮರೆಯಲೇಬಾರದು, ಅದರ ಎಳೆ ಮೊಳಕೆಯಲ್ಲಿ ವಿಷಾಂಶ ಇರುತ್ತದೆ. ಘಮ ಬರಲಿ ಎಂದು ಕೆಂಪಗೆ ಹುರಿಯಬೇಡಿ. ಮೊಳಕೆ ಹಿಟ್ಟಿನಲ್ಲಿ ಪಿಷ್ಟವನ್ನು ಒಡೆದು ಗಂಜಿಯನ್ನು ಸಡಿಲಿಸುವ ಕಿಣ್ವ (ಎಂಜೈಮ್) ಇರುತ್ತದೆ, ಅದು ಹೆಚ್ಚು ಬಿಸಿಗೆ ನಾಶವಾಗುತ್ತದೆ, ಆಮೇಲೆ ಅದು ಬರೀ ಹಿಟ್ಟು. ಗಟ್ಟಿ ಗಂಜಿಯನ್ನು ಇಳಿಸಿ, ಕುದಿ ಪೂರ್ತಿ ನಿಂತು ಚೆನ್ನಾಗಿ ಬಿಸಿ ಇರುವಾಗಲೇ ಒಂದು ಟೀ ಚಮಚ ಮೊಳಕೆ ಹಿಟ್ಟು ಕಲಸಿ. ಐದಾರು ನಿಮಿಷದಲ್ಲಿ ಗಂಜಿ ಕಣ್ಣೆದುರೇ ಸಡಿಲವಾಗುತ್ತದೆ, ಹಿಟ್ಟು ಮಾತ್ರ ಅಷ್ಟೇ ಉಳಿದಿರುತ್ತದೆ. ಆಮೇಲೆ ಮತ್ತೊಂದು ಕುದಿ ಬರಿಸಿ, ಏಕೆಂದರೆ ಮೊಳಕೆ ಕಟ್ಟುವಾಗ ಸೂಕ್ಷ್ಮಜೀವಿಗಳೂ ಬೆಳೆದಿರುತ್ತವೆ.

ಬರೀ ಧಾನ್ಯ ಸಾಲದು. ನುಣ್ಣಗೆ ಬೆಂದ ಬೇಳೆ, ಮಸೆದ ಸೊಪ್ಪು, ಹಣ್ಣು, ಮನೆಯಲ್ಲಿ ತಿನ್ನುವುದಾದರೆ ಮೊಟ್ಟೆ, ಮೀನು ಒಂದೊಂದಾಗಿ ಸೇರಲಿ. ವರ್ಷ ತುಂಬುವವರೆಗೆ ಜೇನುತುಪ್ಪ ಬೇಡ. ಹೀಗೆ ಮಾಡಿಯೂ ತಿಂಗಳಲ್ಲಿ ತೂಕ ಏರದಿದ್ದರೆ, ಅಥವಾ ಪದೇಪದೇ ಭೇದಿ, ಜ್ವರ ಬರುತ್ತಿದ್ದರೆ ವೈದ್ಯರಿಗೆ ತೋರಿಸಿ.

ಪ್ರಶ್ನೆ: ನಾನು ಆರೋಗ್ಯ ಕಾರ್ಯಕರ್ತೆ. ಗರ್ಭಿಣಿಯರು ಕಬ್ಬಿಣಾಂಶದ ಮಾತ್ರೆ ಒಯ್ಯುತ್ತಾರೆ, ನುಂಗುವುದಿಲ್ಲ. ಹೊಟ್ಟೆ ತೊಳಸುತ್ತದೆ, ಮಲ ಕಪ್ಪಾಗುತ್ತದೆ ಎನ್ನುತ್ತಾರೆ. ಬೀಟ್‌ರೂಟ್ ತಿಂದರೆ ಸಾಲದೇ ಎಂದೂ ಕೇಳುತ್ತಾರೆ.

ಸಾಲದು. ಬೀಟ್‌ರೂಟಿನ ಕೆಂಪಿಗೂ ರಕ್ತದ ಕೆಂಪಿಗೂ ಸಂಬಂಧವೇ ಇಲ್ಲ. 100 ಗ್ರಾಂ ಗಡ್ಡೆಯಲ್ಲಿ ಕಬ್ಬಿಣ 1 ಮಿ.ಗ್ರಾಂ.ನಷ್ಟೂ ಇರುವುದಿಲ್ಲ. ಗರ್ಭಿಣಿಗೆ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 30ರಿಂದ 60 ಮಿ.ಗ್ರಾಂ. ಕಬ್ಬಿಣ, ಜೊತೆಗೆ ಫೋಲಿಕ್ ಆಮ್ಲ.

ಮಲ ಕಪ್ಪಾಗುತ್ತದೆ ಎಂಬುದನ್ನು ಮಾತ್ರೆ ಕೈಗಿಡುವ ಮೊದಲೇ ಹೇಳಿಬಿಡಿ. ನಾಲ್ಕನೇ ದಿನ ಹೆದರಿ ಬಿಟ್ಟವಳಿಗೆ ಆಮೇಲೆ ಹೇಳಿ ಪ್ರಯೋಜನವಿಲ್ಲ. ಹೀರಿಕೆಯಾಗದೆ ಉಳಿದ ಕಬ್ಬಿಣದ ಬಣ್ಣ ಅದು, ಅಷ್ಟೇ. ಡಾಂಬರಿನಂತೆ ಅಂಟಂಟಾಗಿದ್ದರೆ, ಇಲ್ಲವೇ ಜೊತೆಗೆ ತಲೆಸುತ್ತು ಇದ್ದರೆ ವೈದ್ಯರ ಬಳಿ ಹೋಗಬೇಕು. ಹೊಟ್ಟೆ ತೊಳಸುವವರು ರಾತ್ರಿ ಊಟವಾದ ಮೇಲೆ ನುಂಗಿ ಮಲಗಲಿ. ಹೀರಿಕೆ ತುಸು ಕಡಿಮೆಯಾದರೂ ನುಂಗದೆ ಬಿಡುವುದಕ್ಕಿಂತ ಎಷ್ಟೋ ಮೇಲು.

ನೀವು ಕೇಳದಿದ್ದರೂ ಹೇಳಬೇಕಾದದ್ದು ಚಹಾದ ಮಾತು. ಊಟದ ಜೊತೆಗೋ ಬೆನ್ನಿಗೋ ಕುಡಿದ ಚಹಾ, ಕಾಫಿ ಕಾಳು, ಸೊಪ್ಪಿನ ಕಬ್ಬಿಣದ ಹೀರಿಕೆಯನ್ನು ಅರ್ಧಕ್ಕಿಂತ ಹೆಚ್ಚು ತಗ್ಗಿಸಬಲ್ಲದು. ಬಿಡಿ ಎಂದರೆ ಯಾರೂ ಬಿಡುವುದಿಲ್ಲ. ಚಹಾ, ಕಾಫಿಯನ್ನು ಊಟದಿಂದಲೂ ಮಾತ್ರೆಯಿಂದಲೂ ಒಂದು ಗಂಟೆ ದೂರ ಇಡಿ ಎನ್ನಿ. ನಿಂಬೆ ಹೀರಿಕೆ ಹೆಚ್ಚಿಸುತ್ತದೆ, ಆದರೆ ರಸವನ್ನು ಒಲೆಯಿಂದ ಇಳಿಸಿದ ಮೇಲೆ ಹಿಂಡಬೇಕು, ಕುದಿಯಲ್ಲಿ ಸಿ ಜೀವಸತ್ವ ಹಾಳಾಗುತ್ತದೆ. ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ಕೊಡಿ.

ಗರ್ಭಿಣಿಯರಲ್ಲಿ ಹಿಮೋಗ್ಲೋಬಿನ್ 100 ಮಿ.ಲೀ. ರಕ್ತಕ್ಕೆ 11 ಗ್ರಾಂಗಿಂತ ಕಡಿಮೆ ಇದ್ದರೆ ರಕ್ತಹೀನತೆ. ಅಂಥವರು ಅಂಕಿ ಸರಿಹೋದ ಕೂಡಲೇ ಮಾತ್ರೆ ನಿಲ್ಲಿಸಬಾರದು; ದೇಹದ ದಾಸ್ತಾನು ತುಂಬಲು ಇನ್ನೂ ಸುಮಾರು ಮೂರು ತಿಂಗಳು ಬೇಕು. ತಿಂಗಳು ತಪ್ಪದೆ ನುಂಗಿಯೂ ಏರದಿದ್ದರೆ ಕಾರಣ ಬೇರೆ ಇರಬಹುದು, ತಪಾಸಣೆಗೆ ಕಳಿಸಿ. ಮಾತ್ರೆಯ ಪಟ್ಟಿ ಮಕ್ಕಳ ಕೈಗೆಟುಕದ ಕಡೆ ಇರಲಿ. ಮಿಠಾಯಿ ಎಂದುಕೊಂಡು ಹಲವು ನುಂಗಿದ ಮಗುವಿನ ಜೀವಕ್ಕೇ ಅಪಾಯ.

ಪ್ರಶ್ನೆ: ಬಿ.ಪಿ. ಇದೆ, ಉಪ್ಪು ಕಡಿಮೆ ಮಾಡಿ ಎಂದಿದ್ದಾರೆ. ಎಷ್ಟು ತಿನ್ನುತ್ತಿದ್ದೇವೆಂದು ತಿಳಿಯುವುದು ಹೇಗೆ? ದಿನವಿಡೀ ಹೊಲದಲ್ಲಿ ದುಡಿಯುವವರಿಗೆ ವ್ಯಾಯಾಮವೂ ಬೇಕೇ?

ಒಂದು ಕಿಲೋ ಉಪ್ಪಿನ ಪೊಟ್ಟಣ ಒಡೆದ ದಿನ ಅದರ ಮೇಲೆ ತಾರೀಖು ಬರೆಯಿರಿ. ದೊಡ್ಡವರೊಬ್ಬರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಸಾಕು. ಐವರು ದೊಡ್ಡವರಿರುವ ಮನೆಗೆ ಆ ಪೊಟ್ಟಣ ಕನಿಷ್ಠ 40 ದಿನ ಬರಬೇಕು. 20 ದಿನಕ್ಕೇ ಮುಗಿದರೆ ಎರಡು ಪಟ್ಟು ತಿನ್ನುತ್ತಿದ್ದೀರಿ, ಅಂಗಡಿ ತಿಂಡಿಯ ಉಪ್ಪು ಬೇರೆ. ಒಮ್ಮೆಲೇ ಇಳಿಸಿದರೆ ಯಾರೂ ಉಣ್ಣುವುದಿಲ್ಲ. ವಾರ ವಾರ ಚೂರು ಚೂರು ತಗ್ಗಿಸಿದರೆ ನಾಲಿಗೆ ಒಗ್ಗಿಕೊಳ್ಳುತ್ತದೆ. ಕಡಿಮೆ ಬಳಸಿದರೂ ಅಯೋಡಿನ್ ಉಪ್ಪನ್ನೇ ಬಳಸಿ, ಮುಚ್ಚಳ ಬಿಗಿದು ಒಲೆಯಿಂದ ದೂರ ಇಡಿ.

ಹೊಲದ ದುಡಿಮೆಯೂ ವ್ಯಾಯಾಮವೇ. ವಾರಕ್ಕೆ ಬೇಕಾದ 150 ನಿಮಿಷ ಕೆಲಸದ ದಿನಗಳಲ್ಲಿ ಸುಲಭವಾಗಿ ದಾಟುತ್ತದೆ. ಯಂತ್ರದ ಮೇಲೆ ಕೂತೇ ಹೊಲ ಮುಗಿಸುವವರಿಗೆ, ಬೆಳೆ ಇಲ್ಲದ ತಿಂಗಳುಗಳಲ್ಲಿ ಕಟ್ಟೆ ಬಿಟ್ಟೇಳದವರಿಗೆ ಮಾತ್ರ ದಿನಕ್ಕೆ ಅರ್ಧ ಗಂಟೆ ಬಿರುಸಿನ ನಡಿಗೆ ಬೇಕು.