ಟು-ಡು ಪಟ್ಟಿಯಲ್ಲಿ ವೀಣೆಗೇನು ಕೆಲಸ?

ಪ್ರಶ್ನೆ: ನನ್ನ ಮೊಬೈಲಿನ ಟು-ಡು ಪಟ್ಟಿಯಲ್ಲಿ 312 ಸಾಲುಗಳಿವೆ. ಪ್ಲಂಬರ್‌ಗೆ ಫೋನ್, ವೀಣೆ ಕಲಿಯಬೇಕು, ಇನ್ವರ್ಟರ್ ಬಿಲ್ಲಿನ ಫೋಟೊ, ಯಾರೋ ಕಳಿಸಿದ ಲಿಂಕ್, ಎಲ್ಲ ಅಲ್ಲೇ. ತೆರೆದರೇ ಸುಸ್ತು. ಏನನ್ನು ಅಳಿಸಲಿ?
– ವಿಜಯನಗರದ ಓದುಗರು

ಉತ್ತರ: ಹೆಸರು ಬದಲಾಗುತ್ತದೆ, ಪ್ರಶ್ನೆ ಇದೇ ಬರುತ್ತದೆ. ಈ ಸಲ ಪೂರ್ತಿ ಹೇಳಿಬಿಡುತ್ತೇನೆ.

ಪ್ಲಂಬರ್‌ಗೆ ಫೋನ್ ಮಾಡುವುದು ಕೆಲಸ. ಇವತ್ತೇ ಮುಗಿಸಬಹುದು, ಪಟ್ಟಿಯಲ್ಲಿ ಇರಲಿ. ವೀಣೆ ಒಂದು ಆಸೆ. ಬಿಲ್ಲು ಒಂದು ದಾಖಲೆ. ಇವೆರಡನ್ನೂ ನೀವು ‘ಮಾಡಿ ಮುಗಿಸಲು’ ಆಗುವುದಿಲ್ಲ. ಹಾಗಾಗಿ ದಿನಾ ಕಣ್ಣಿಗೆ ಬಿದ್ದು ಚುಚ್ಚುತ್ತವೆ. ಹೊರಗೆ ಹಾಕಿ, ಆದರೆ ಕಸದ ಬುಟ್ಟಿಗಲ್ಲ.

ಇಲ್ಲೇ ವೀಕೆಂಡ್ ಶಿಬಿರದ ಗುರುಗಳು ಬರುತ್ತಾರೆ. ‘ಎಲ್ಲ ಡಿಲೀಟ್ ಮಾಡಿ, ಮನಸ್ಸು ಹಗುರ’ ಅನ್ನುತ್ತಾರೆ. ನಾಳೆ ಕ್ರಯಪತ್ರದ ಸ್ಕ್ಯಾನ್ ಹುಡುಕುವಾಗ ಅವರೇನು ನಿಮ್ಮ ಜೊತೆ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಕ್ಯೂ ನಿಲ್ಲುತ್ತಾರಾ? ಅಳಿಸುವ ವಿಷಯದಲ್ಲಿ ನಾನು ಪುಕ್ಕಲ, ಒಪ್ಪಿಕೊಳ್ಳುತ್ತೇನೆ. ಮೂರು ತಿಂಗಳಿಂದ ತೆರೆಯದ ಲಿಂಕ್ ಧಾರಾಳವಾಗಿ ಅಳಿಸಿ. ದುಡ್ಡು, ಮನೆ, ಗಾಡಿ, ಆರೋಗ್ಯಕ್ಕೆ ಸೇರಿದ್ದನ್ನು ಮುಟ್ಟಬೇಡಿ.

ದಾಖಲೆಗೆ ಒಂದು ಫೋಲ್ಡರ್ ಸಾಕು. ಹೆಸರು ಮಾತ್ರ ನೀವು ಹುಡುಕುವ ಮಾತಿನಲ್ಲೇ ಇರಲಿ, ‘ಇನ್ವರ್ಟರ್ ಬಿಲ್ 2024’ ಅಂತ. ಕ್ಯಾಮೆರಾ ಕೊಟ್ಟ ನಂಬರನ್ನೇ ಹೆಸರಾಗಿ ಉಳಿಸಿದರೆ ಆ ಫೋಟೊ ಮತ್ತೆ ಸಿಗುವುದಿಲ್ಲ. ಇನ್ನೊಂದು: ಅಂಗಡಿಯ ಮೆಷಿನ್ನಿಂದ ಬರುವ ನುಣುಪು ಬಿಲ್ಲಿನಲ್ಲಿ ಶಾಯಿ ಇರುವುದಿಲ್ಲ. ಬಿಸಿ ತಾಗಿದರೆ ಕಪ್ಪಾಗುವ ಲೇಪನ ಅದು. ಬಿಸಿಲು, ಸೆಕೆ, ಕೆಲವು ಪ್ಲಾಸ್ಟಿಕ್ ಕವರ್ ತಾಗಿದರೆ ಅಕ್ಷರ ಮಾಸುತ್ತದೆ. ನನ್ನ ಮಿಕ್ಸಿ ಬಿಲ್ಲನ್ನು ಜೋಪಾನವಾಗಿ ಪ್ಲಾಸ್ಟಿಕ್ ಕವರಿನಲ್ಲೇ ಇಟ್ಟಿದ್ದೆ. ಎರಡು ಬೇಸಿಗೆ ಕಳೆದ ಮೇಲೆ ಖಾಲಿ ಕಾಗದ! ತಂದ ದಿನವೇ ಜೆರಾಕ್ಸ್ ಮಾಡಿಸಿ.

ಆಸೆಗಳಿಗೆ ಬೇರೆ ಪಟ್ಟಿ. ತಿಂಗಳಿಗೊಮ್ಮೆ, ಕರೆಂಟ್ ಬಿಲ್ ಕಟ್ಟುವ ದಿನ ನೋಡಿ. ವರ್ಷವಿಡೀ ವೀಣೆ ಅಲ್ಲೇ ಕೂತಿದ್ದರೆ ಕೂತಿರಲಿ, ಅದಕ್ಕೇನೂ ಬಾಡಿಗೆ ಕೊಡಬೇಕಿಲ್ಲ. ಕಲಿಯಲೇಬೇಕು ಅನ್ನಿಸಿದ ದಿನ ‘ಟೀಚರ್‌ಗೆ ಫೋನ್’ ಅಂತ ಕೆಲಸದ ಪಟ್ಟಿಗೆ ಬರೆಯಿರಿ.

ಈಗ ಬೇಡ, ಆದರೆ ಒಂದು ದಿನ ಬೇಕೇ ಬೇಕು ಅನ್ನುವಂಥವೂ ಇವೆ. ಗಾಡಿಯ ಹೊಗೆ ತಪಾಸಣೆ, ಮದುವೆ ಕರೆಯೋಲೆ. ಹಳೆಯ ಆಫೀಸುಗಳಲ್ಲಿ ಇದಕ್ಕೆ 43 ಫೈಲ್ ಇಡುತ್ತಿದ್ದರು. ದಿನಕ್ಕೊಂದರಂತೆ 31, ತಿಂಗಳಿಗೊಂದರಂತೆ 12. ಮುಂದಿನ ತಿಂಗಳುಗಳದ್ದು ತಿಂಗಳ ಫೈಲಿನಲ್ಲಿ, ಆ ತಿಂಗಳು ಬಂದಾಗ ದಿನದ ಫೈಲುಗಳಿಗೆ ಹಂಚುವುದು. ಬೆಳಿಗ್ಗೆ ಆ ದಿನದ ಫೈಲ್ ತೆರೆಯುವುದು. ನಾನೂ ಅವೆನ್ಯೂ ರಸ್ತೆಯಿಂದ ರಟ್ಟಿನ ಫೈಲ್ ಹೊತ್ತು ತಂದಿದ್ದೆ. ಕರೆಯೋಲೆಯನ್ನು ಮದುವೆ ದಿನದ ಫೈಲಿಗೇ ಹಾಕಿದೆ. ಹತ್ತು ಗಂಟೆಗೆ ತೆರೆದರೆ ಮುಹೂರ್ತ ಏಳೂವರೆಗೆ! ಫೈಲೇ ಇರಲಿ, ಫೋನಿನ ಕ್ಯಾಲೆಂಡರೇ ಇರಲಿ, ಎರಡು ದಿನ ಮುಂಚೆಗೆ ಹಾಕಿ. ಬೆಂಗಳೂರಿನ ಟ್ರಾಫಿಕ್ ನಿಮಗೇ ಗೊತ್ತಲ್ವಾ.

ಪ್ರಶ್ನೆ: ಯಾವ ಆ್ಯಪ್ ಒಳ್ಳೆಯದು?
– ಬಸವನಗುಡಿ, ಹೆಬ್ಬಾಳ, ಇನ್ನೂ ಮೂವರು

ಉತ್ತರ: ನಿಮ್ಮ ಫೋನಿನಲ್ಲಿ ಈಗಾಗಲೇ ಇರುವುದು.

ಪ್ರಶ್ನೆ: ಪ್ರತಿ ನೋಟಿಗೂ ಏಳು ಬಣ್ಣದ ಲೇಬಲ್ ಹಚ್ಚಿದ್ದೇನೆ. ಇನ್ನೂ ಏನು ಮಾಡಬಹುದು?
– ಒಬ್ಬ ವಿದ್ಯಾರ್ಥಿ

ಉತ್ತರ: ಓದಬಹುದು.

ಪ್ರಶ್ನೆ: ಡಿಎಲ್, ಆರ್‌ಸಿ ಫೋಟೊ ಗ್ಯಾಲರಿಯಲ್ಲಿದೆ. ಸಾಕಲ್ವಾ?
– ಪೀಣ್ಯದ ಓದುಗರು

ಉತ್ತರ: ಸಾಲದು. ಸರ್ಕಾರದ ಆ್ಯಪ್‌ಗಳಾದ ಡಿಜಿಲಾಕರ್ ಅಥವಾ ಎಂಪರಿವಾಹನ್‌ನಲ್ಲಿ ತೋರಿಸಿದರೆ ಒಪ್ಪಬೇಕು ಅಂತ ಕೇಂದ್ರ ಸರ್ಕಾರ 2018ರಲ್ಲೇ ರಾಜ್ಯಗಳಿಗೆ ಹೇಳಿದೆ. ಸುಮ್ನೆ ತೆಗೆದ ಫೋಟೊಗೆ ಆ ಮಾನ್ಯತೆ ಇಲ್ಲ.

ಪ್ರಶ್ನೆ: ನಮ್ಮ ಅತ್ತೆಯವರು 1998ರಿಂದ ಎಲ್ಲ ಬಿಲ್ಲುಗಳನ್ನೂ ತಂತಿಗೆ ಚುಚ್ಚಿ ಇಟ್ಟಿದ್ದಾರೆ. ಎಸೆಯಲು ಬಿಡುವುದಿಲ್ಲ.
– ಮಲ್ಲೇಶ್ವರದ ಓದುಗರು

ಉತ್ತರ: ಯಾವುದಾದರೂ ಹಳೆಯ ಬಿಲ್ಲು ಕೇಳಿ ನೋಡಿ. ಐದು ನಿಮಿಷದಲ್ಲಿ ತೆಗೆದುಕೊಟ್ಟರೆ ಆ ತಂತಿ ಮುಟ್ಟಬೇಡಿ. ವಿಜಯನಗರದವರನ್ನೂ ಒಮ್ಮೆ ನಿಮ್ಮ ಮನೆಗೆ ಕರೆಯಿರಿ.