ಒಂದೇ ಒಂದು ಜೀನ್ ಕೆಟ್ಟರೆ ಕ್ಯಾನ್ಸರ್ ಬರುತ್ತದೆಯೇ?

ಸಾಮಾನ್ಯವಾಗಿ ಇಲ್ಲ. 1983ರಲ್ಲಿ ಅಮೆರಿಕದ ಎಂಐಟಿಯಲ್ಲಿ ವಿಜ್ಞಾನಿ ರಾಬರ್ಟ್ ವೈನ್‌ಬರ್ಗ್ ತಂಡ ಇಲಿ ಭ್ರೂಣದ ಜೀವಕೋಶಗಳಿಗೆ ರಾಸ್ ಎಂಬ ಕೆಟ್ಟ ಜೀನ್ ಒಂದನ್ನೇ ಸೇರಿಸಿ ನೋಡಿತು. ಅವು ಕ್ಯಾನ್ಸರ್ ಕೋಶಗಳಾಗಲಿಲ್ಲ. ಜೊತೆಗೆ ಮಿಕ್ ಎಂಬ ಇನ್ನೊಂದು ಜೀನನ್ನೂ ಹಾಕಿದಾಗ ಆದವು!

ಜೀವಕೋಶ ಅಷ್ಟು ಪೆದ್ದು ಅಲ್ಲ ನೋಡಿ. ರಾಸ್ ಸುಮ್ನೆ ‘ಬೆಳೆ, ಬೆಳೆ’ ಎಂದು ಒತ್ತಾಯಿಸುತ್ತಿದ್ದರೆ ಅದಕ್ಕೆ ಅನುಮಾನ ಬಂದು, ವಿಭಜನೆಯನ್ನೇ ನಿಲ್ಲಿಸಿ ಮುಪ್ಪಾಗಿ ಕೂರುತ್ತದೆ. ಮಿಕ್ ಒಂದೇ ಜಾಸ್ತಿಯಾದರೆ ಜೀವಕೋಶ ತನ್ನನ್ನು ತಾನೇ ಕೊಂದುಕೊಳ್ಳುತ್ತದೆ. ಎರಡೂ ಸೇರಿದಾಗಲೇ ಫಜೀತಿ. ಮಿಕ್ ಆ ಮುಪ್ಪನ್ನು ತಪ್ಪಿಸುತ್ತದೆ, ರಾಸ್ ಆ ಸಾವನ್ನು ತಡೆಯುತ್ತದೆ. ಒಬ್ಬ ಸಿಕ್ಕಿಬಿದ್ದರೆ ಇನ್ನೊಬ್ಬ ಬಿಡಿಸುವ ಕಳ್ಳರ ಜೋಡಿ ಇದ್ದಂತೆ, ಅಲ್ವಾ? ಮನುಷ್ಯರ ಜೀವಕೋಶಕ್ಕೆ ಮಾತ್ರ ಇವೆರಡೇ ಸಾಲವು. ಪಿ53ಯಂಥ ಕಾವಲು ಜೀನ್‌ಗಳೂ ಕೈಕೊಡಬೇಕು.