ರಿಪೋರ್ಟ್ ನಾರ್ಮಲ್, ಮನುಷ್ಯ ಮಾತ್ರ ಬೀಳ್ತಾನೇ ಇದ್ದಾನೆ

(ಗುರುತು ಸಿಗಬಾರದೆಂದು ಊರು, ವಯಸ್ಸು, ಮನೆಯ ಕೆಲವು ವಿವರ ಬದಲಾಯಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಅವರದು ಕಾರಟಗಿ ಕಡೆಯ ಒಂದು ರೈಸ್ ಮಿಲ್‌ನಲ್ಲಿ, ಅಕ್ಕಿಯಿಂದ ಕೆಟ್ಟ ಕಾಳು ಬೇರ್ಪಡಿಸುವ ಸಾರ್ಟೆಕ್ಸ್ ಮಷಿನ್ ನೋಡಿಕೊಳ್ಳುವ ಕೆಲಸ. ವಯಸ್ಸು ಮೂವತ್ತಾರರ ಆಸುಪಾಸು. ಮನೆಯಲ್ಲಿ ಹೆಂಡತಿ, ಏಳನೇ ಕ್ಲಾಸಿನ ಮಗಳು, ತಾಯಿ. ವರ್ಷದ ಹಿಂದೆ ಮೊದಲ ಸಲ ಮಿಲ್‌ನಲ್ಲೇ ಬಿದ್ದರು. ಆಮೇಲೆ ತಿಂಗಳಿಗೆ ಎರಡು ಮೂರು ಸಲ, ಭತ್ತದ ಸುಗ್ಗಿ ಬಂದಾಗ ಇನ್ನೂ ಜಾಸ್ತಿ. ತಾಲ್ಲೂಕು ಆಸ್ಪತ್ರೆಯ ವೈದ್ಯರು ಗಂಗಾವತಿಯಲ್ಲಿ ಆಪ್ತಸಮಾಲೋಚನೆ ಮಾಡುವ ನನ್ನ ಹತ್ತಿರ ಕಳಿಸುವಾಗ ಚೀಟಿಯಲ್ಲಿ ಬರೆದಿದ್ದು ಇಷ್ಟೇ: "ಫಿಟ್ಸ್? ಮಾನಸಿಕ? ಒಮ್ಮೆ ಮಾತಾಡಿ ನೋಡಿ."

ಬಟ್ಟೆ ಅಂಗಡಿಯ ಕವರಿನಲ್ಲಿ ಫೈಲು ತಂದಿದ್ದರು. ಎಂಆರ್‌ಐ ಇತ್ತು, ಇಇಜಿ ಎರಡು ಸಲ ಆಗಿತ್ತು, ರಕ್ತದ ರಿಪೋರ್ಟುಗಳು ಒಂದು ಕಟ್ಟು. ಎಲ್ಲದರ ಕೆಳಗೂ ನಾರ್ಮಲ್. ಒಬ್ಬ ಡಾಕ್ಟರ್ ಫಿಟ್ಸ್ ಅಂತ ಮಾತ್ರೆ ಶುರು ಮಾಡಿದ್ದರು. ಇನ್ನೊಬ್ಬರು "ಟೆನ್ಶನ್ ಜಾಸ್ತಿ, ಆರಾಮ ಇರಿ" ಅಂದಿದ್ದರು. ಊರಲ್ಲಿ ಗಾಳಿ ಬಡಿದಿದೆ ಅನ್ನುವವರು ಬೇರೆ. ಕುರ್ಚಿಯಲ್ಲಿ ಕೂತವರು ಮೊದಲು ಕೇಳಿದ್ದೇ ಇದು:

"ಎಲ್ಲಾ ನಾರ್ಮಲ್ ಐತಿ ಅಂತಾರ ಮೇಡಮ್. ಹಂಗಾರ ನಾ ನಾಟಕ ಮಾಡಾಕತ್ತೀನೇನ್ರಿ?"

ಇಲ್ಲ ಅಂದೆ. ಆ ಒಂದು ಮಾತಿಗಾಗಿ ಒಂದು ವರ್ಷ ಕಾದಿದ್ದರು ಅನ್ನಿಸುತ್ತೆ. ಸ್ವಲ್ಪ ಹೊತ್ತು ಅತ್ತರು. ಹೆಂಡತಿ ಕಿಟಕಿ ಕಡೆ ನೋಡುತ್ತಾ ಕೂತರು.

ನಾನು ಡಾಕ್ಟರ್ ಅಲ್ಲ, ಕಾಯಿಲೆಯ ಹೆಸರು ಹೇಳೋದು ನನ್ನ ಕೆಲಸ ಅಲ್ಲ. ಆದರೆ ಆ 'ನಾರ್ಮಲ್' ಅಂದ್ರೆ ಏನು ಅಂತ ಯಾರೂ ಅವರಿಗೆ ಬಿಡಿಸಿ ಹೇಳಿರಲಿಲ್ಲ. ಅದನ್ನು ನಾನು ಹೇಳಬಹುದಿತ್ತು. ಎಂಆರ್‌ಐ ಮೆದುಳಿನ ಫೋಟೋ ತೆಗೆಯುತ್ತೆ. ಗಂಟು, ಗಾಯ, ಗಡ್ಡೆ ಇದ್ದರೆ ಕಾಣುತ್ತೆ. ನಮ್ಮ ದೇಶದಲ್ಲಿ ಫಿಟ್ಸ್‌ಗೆ ಒಂದು ಸಾಮಾನ್ಯ ಕಾರಣ ಲಾಡಿಹುಳದ ಮೊಟ್ಟೆ ಹೊಟ್ಟೆಗೆ ಹೋಗಿ ಮೆದುಳಲ್ಲಿ ಆಗುವ ಗಂಟು. ಅದು ಇಲ್ಲ ಅಂತ ಗೊತ್ತಾಗಿದ್ದೇ ದೊಡ್ಡ ಲಾಭ. ಇಇಜಿ ಮೆದುಳಿನ ವಿದ್ಯುತ್ತಿನ ಏರಿಳಿತ ಬರೆದುಕೊಳ್ಳುತ್ತೆ, ಅದೂ ಸಾಮಾನ್ಯವಾಗಿ ಅರ್ಧ ಗಂಟೆ ಮಾತ್ರ. ಅರ್ಧ ತಾಸು ಕಾಲುವೆ ದಂಡೆ ಮೇಲೆ ನಿಂತು ಮೀನು ಕಾಣಲಿಲ್ಲ ಅಂದ್ರೆ ಕಾಲುವೆಯಲ್ಲಿ ಮೀನೇ ಇಲ್ಲ ಅಂತ ಹೇಳೋಕಾಗಲ್ಲ, ಅಲ್ವಾ? ನಿಜವಾದ ಮೂರ್ಛೆ ರೋಗ ಇರುವ ಎಷ್ಟೋ ಜನರಿಗೆ ಮೊದಲ ಇಇಜಿ ನಾರ್ಮಲ್ಲೇ ಬರುತ್ತೆ.

ಫೈಲಿನಲ್ಲಿ ಒಂದು ಕಾಗದ ಮಾತ್ರ ಇರಲಿಲ್ಲ. ಇಸಿಜಿ. ಸಾವಿರಾರು ರೂಪಾಯಿಯ ಸ್ಕ್ಯಾನ್ ಆಗಿದೆ, ಕೆಲವೇ ನಿಮಿಷದ ಹೃದಯದ ಪರೀಕ್ಷೆ ಬಿಟ್ಟುಹೋಗಿದೆ. ಇದನ್ನು ನಾನು ಎಷ್ಟೋ ಫೈಲುಗಳಲ್ಲಿ ನೋಡಿದ್ದೇನೆ. ಹೃದಯದ ಬಡಿತ ತಪ್ಪಿ ಮೆದುಳಿಗೆ ರಕ್ತ ಸಾಲದೆ ಬಿದ್ದರೂ ಕೈಕಾಲು ಅದುರುತ್ತೆ. ನೋಡಿದವರು ಫಿಟ್ಸ್ ಅನ್ನುತ್ತಾರೆ. ಕಾರಣ ತಿಳಿಯದೆ ಬೀಳುವ ಯಾರಿಗೇ ಆಗಲಿ ಇಸಿಜಿ ಆಗಲೇಬೇಕು. ಚೀಟಿ ಬರೆದು ಅದೇ ದಿನ ವೈದ್ಯರ ಹತ್ತಿರ ವಾಪಸ್ ಕಳಿಸಿದೆ. ಇಸಿಜಿ ಸರಿಯಾಗಿಯೇ ಬಂತು. ಒಂದು ಬಾಗಿಲು ಬಹುಮಟ್ಟಿಗೆ ಮುಚ್ಚಿತು.

ಮುಂದಿನ ಭೇಟಿಯಲ್ಲಿ, ಬಿದ್ದಾಗ ತೆಗೆದ ವಿಡಿಯೋ ಇದೆಯಾ ಅಂತ ಕೇಳಿದೆ. ಮೂರು ಇದ್ದವು. ಎರಡರಲ್ಲಿ ಬರೀ ಜನರ ಬೆನ್ನು, ಕಿರುಚಾಟ. ಒಂದರಲ್ಲಿ ಯಾರೋ ಮೂಗಿಗೆ ಚಪ್ಪಲಿ ಹಿಡಿದಿದ್ದಾರೆ, ಇನ್ಯಾರೋ ಮುಷ್ಟಿಯೊಳಗೆ ಬೀಗದ ಕೈ ತುರುಕುತ್ತಿದ್ದಾರೆ. ಮುಖವೇ ಕಾಣಲ್ಲ. ಮೂರನೆಯದು ಮಗಳು ತೆಗೆದಿದ್ದು. ಕಾಲಿನ ಕಡೆ ನಿಂತು, ಕೈ ನಡುಗಿಸದೆ, ಅಪ್ಪನ ಮುಖ, ಎರಡೂ ಕೈ, ಎರಡೂ ಕಾಲು ಕಾಣುವಂತೆ ತೆಗೆದಿದ್ದಾಳೆ. ಕಣ್ಣು ಮುಚ್ಚಿದೆ. ತಲೆ ಆ ಕಡೆ ಈ ಕಡೆ ಹೊರಳುತ್ತೆ. ಅದುರು ಜೋರಾಗುತ್ತೆ, ನಿಲ್ಲುತ್ತೆ, ಮತ್ತೆ ಶುರುವಾಗುತ್ತೆ. ವಿಡಿಯೋ ಮುಗಿದರೂ ಅದು ಮುಗಿದಿಲ್ಲ.

ಹೆಂಡತಿ ಆಗ ಒಂದು ಮಾತು ಹೇಳಿದರು. "ಇದು ದೊಡ್ಡದ್ರಿ. ಸಣ್ಣದು ಬ್ಯಾರೆ ಬರ್ತೈತಿ." ಸಣ್ಣದು ಅಂದ್ರೆ? ಊಟ ಮಾಡುತ್ತಾ ಇದ್ದಹಾಗೇ ಕಣ್ಣು ಬಿಟ್ಟುಕೊಂಡು ನೆಟ್ಟ ನೋಟ. ತುಟಿ ಚಪ್ಪರಿಸುತ್ತಾರೆ, ಬಲಗೈ ಅಂಗಿಯ ಗುಂಡಿ ಹುಡುಕುತ್ತಾ ಇರುತ್ತೆ. ಕರೆದರೆ ಓ ಅನ್ನಲ್ಲ. ಒಂದೆರಡು ನಿಮಿಷ ಅಷ್ಟೇ. ಆಮೇಲೆ ಸ್ವಲ್ಪ ಹೊತ್ತು "ಏನಾತು, ಎಲ್ಲದೀನಿ" ಅನ್ನುವ ಗೊಂದಲ. ಇದನ್ನು ಯಾವ ಡಾಕ್ಟರಿಗೂ ಹೇಳಿಲ್ಲ. ಯಾಕೆ ಅಂದ್ರೆ ಬೀಳಲ್ಲವಲ್ಲ, ಅದೇನು ಕಾಯಿಲೆ ಅಂತ ಸುಮ್ನಿದ್ದರು.

ನನ್ನ ಮಟ್ಟಿಗೆ ಈ ಇಡೀ ಪ್ರಕರಣದಲ್ಲಿ ಅತಿ ಮುಖ್ಯವಾದ ಮಾತು ಅದು. ಹೇಳಿದ್ದು ಹೆಂಡತಿ, ಮತ್ತು ಅವರನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಆಸ್ಪತ್ರೆಗೆ ಜೊತೆಯಲ್ಲಿ ಹೋಗುತ್ತಿದ್ದದ್ದು ಅಣ್ಣ. ಅವರು ಒಂದು ಸಲವೂ ಕಣ್ಣಾರೆ ನೋಡಿದವರಲ್ಲ.

ಒಂದು ನೋಟ್‌ಬುಕ್ ಇಡೋಕೆ ಹೇಳಿದೆ. ತಾರೀಕು, ಹೊತ್ತು, ಎಷ್ಟು ನಿಮಿಷ, ಕಣ್ಣು ತೆರೆದಿತ್ತಾ ಮುಚ್ಚಿತ್ತಾ, ಹಿಂದಿನ ರಾತ್ರಿ ನಿದ್ದೆ ಎಷ್ಟು, ಮಾತ್ರೆ ತಪ್ಪಿತ್ತಾ, ಕುಡಿದಿದ್ದರಾ. ದೊಡ್ಡದು ಬಂದಾಗ ಕಿವಿಯ ಹತ್ತಿರ ಒಂದು ಪದ ಹೇಳಿ, ಸುಮ್ನೆ 'ಜೋಳ' ಅಂತ. ಎಚ್ಚರ ಆದಮೇಲೆ ನೆನಪಿದೆಯಾ ಕೇಳಿ ಬರೆಯಿರಿ. ಒಳಗೆ ಎಷ್ಟು ಎಚ್ಚರ ಇತ್ತು ಅನ್ನೋದಕ್ಕೆ ಡಾಕ್ಟರಿಗೆ ಅದೊಂದು ಸುಳಿವು. ಸುಳ್ಳು ಹಿಡಿಯೋಕೆ ಅಲ್ಲ ಅಂತ ಗಂಡ ಹೆಂಡತಿ ಇಬ್ಬರಿಗೂ ಬಿಡಿಸಿ ಹೇಳಿದೆ.

ಬರೆಯೋಕೆ ಶುರು ಮಾಡಿದ ಮೇಲೆ ಎರಡು ವಿಷಯ ಎದ್ದು ಕಂಡವು. ಒಂದು, ನೈಟ್ ಶಿಫ್ಟ್ ಮುಗಿದ ಮರುದಿನ ಸಣ್ಣದು ಬರೋದು ಜಾಸ್ತಿ. ನಿದ್ದೆಗೆಡುವುದು ಮೂರ್ಛೆಗೆ ದೊಡ್ಡ ಪ್ರಚೋದನೆ. ಎರಡು, ಮಾತ್ರೆ ಎರಡು ದಿನ ತಗೊಂಡು ಮೂರು ದಿನ ಬಿಡುತ್ತಿದ್ದರು. "ನಾರ್ಮಲ್ ಅಂದ್ರಲ್ಲ, ಮತ್ಯಾಕ ಮಾತ್ರಿ?" ಈ ಲೆಕ್ಕ ಅಪಾಯದ್ದು. ಫಿಟ್ಸ್ ಮಾತ್ರೆ ಏಕಾಏಕಿ ಬಿಟ್ಟರೆ ಅದರಿಂದಲೇ ಒಂದರ ಹಿಂದೆ ಒಂದು ಫಿಟ್ಸ್ ಬರಬಹುದು, ಪ್ರಾಣಕ್ಕೂ ಕುತ್ತು. ಅವರಿಗೆ ಕೊಟ್ಟಿದ್ದು ಲೆವೆಟಿರಾಸೆಟಮ್. ಮಾತ್ರೆ ಶುರುವಾದಾಗಿನಿಂದ ಸಿಟ್ಟು ಜಾಸ್ತಿ ಆಗಿದೆ ಅಂತ ಹೆಂಡತಿ ದೂರಿದರು. ಕೆಲವರಿಗೆ ಆ ಮಾತ್ರೆಯಿಂದ ಹಾಗಾಗೋದು ಉಂಟು. ಡಾಕ್ಟರಿಗೆ ಹೇಳಿ, ಬದಲಾಯಿಸೋದೋ ಪ್ರಮಾಣ ಕಮ್ಮಿ ಮಾಡೋದೋ ಅವರು ನೋಡುತ್ತಾರೆ, ನೀವಾಗಿ ಬಿಡಬೇಡಿ ಅಂದೆ.

ಕಾಯಿಲೆಯ ಹೆಸರು ಗೊತ್ತಾಗೋವರೆಗೆ ಬದುಕಬೇಕಲ್ಲ. ಬೈಕ್ ಬಿಡಿಸಿದೆ. ಇದಕ್ಕೆ ಜಗಳವೇ ಆಯಿತು. ಬೈಕ್ ಬಿಟ್ಟರೆ ಗಂಡಸ್ತನ ಬಿಟ್ಟಂಗೆ ಅನ್ನೋ ಮಾತು ಬಂತು, ನಾನು ಜಗ್ಗಲಿಲ್ಲ. ಎಡದಂಡೆ ಕಾಲುವೆಯಲ್ಲಿ ಒಬ್ಬರೇ ಈಜೋದು ಬೇಡ. ಬಚ್ಚಲು ಮನೆಗೆ ಒಳಗಿಂದ ಚಿಲಕ ಬೇಡ. ಬೇಸಿಗೆಯಲ್ಲಿ ನಮ್ಮ ಕಡೆ ಎಲ್ಲರೂ ಮಾಳಿಗೆ ಮೇಲೆ ಮಲಗುತ್ತಾರೆ. ಅವರ ಮಾಳಿಗೆಗೆ ಕಟ್ಟೆಯೇ ಇಲ್ಲ. ಸೆಕೆ ಆದರೂ ಕೆಳಗೇ ಮಲಗಿ. ಮಿಲ್‌ನಲ್ಲಿ ಬೆಲ್ಟ್, ಎಲಿವೇಟರ್ ಹತ್ತಿರದ ಕೆಲಸ ಬೇಡ. ಮಾಲೀಕರ ಹತ್ತಿರ ಏನು ಹೇಳಬೇಕು ಅಂತ ಇಬ್ಬರೂ ಕೂತು ಮಾತು ಜೋಡಿಸಿದೆವು. "ಮೈ ನಡುಗೋ ತೊಂದರೆ ಐತಿ, ಕಾರಣ ಡಾಕ್ಟರ್ ಹುಡುಕಾಕತ್ತಾರ. ಹಗಲು ಶಿಫ್ಟ್ ಕೊಡ್ರಿ, ಬಿದ್ದರ ಮಗ್ಗಲಿಗೆ ಮಲಗಸ್ರಿ." ಅಷ್ಟೇ, ಒಂದಕ್ಷರ ಜಾಸ್ತಿ ಬೇಡ. ಊರಲ್ಲಿ ಕೇಳುವವರಿಗೂ ಇದೇ ಉತ್ತರ. ಮಾಲೀಕರು ವೇಬ್ರಿಡ್ಜ್‌ನಲ್ಲಿ ಚೀಟಿ ಬರೆಯುವ ಕೆಲಸಕ್ಕೆ ಹಾಕಿದರು. ಸಂಬಳ ಸ್ವಲ್ಪ ಕಡಿಮೆಯಾಯಿತು, ಅದು ಅವರಿಗೆ ಇನ್ನೂ ಚುಚ್ಚುತ್ತೆ.

ಬಿದ್ದಾಗ ಏನು ಮಾಡಬೇಕು ಅನ್ನೋದನ್ನು ಮನೆಮಂದಿಯನ್ನೆಲ್ಲ ಕರೆಸಿ ನೆಲದ ಮೇಲೆ ಮಲಗಿ ತೋರಿಸಿದೆ. ಮಗ್ಗಲಿಗೆ ತಿರುಗಿಸಿ, ತಲೆ ಕೆಳಗೆ ಮೆತ್ತಗಿನದು ಇಡಿ, ಕೈಕಾಲು ಒತ್ತಿ ಹಿಡಿಯಬೇಡಿ. ಬಾಯಿಗೆ ಚಮಚ, ಬಟ್ಟೆ, ನೀರು ಏನೂ ಬೇಡ. ಚಪ್ಪಲಿ, ಬೀಗದ ಕೈ, ಈರುಳ್ಳಿಯಿಂದ ಏನೂ ಆಗಲ್ಲ. ಹೆಚ್ಚಿನ ಫಿಟ್ಸ್ ಎರಡು ಮೂರು ನಿಮಿಷದಲ್ಲಿ ತಾನಾಗಿ ನಿಲ್ಲುತ್ತೆ, ಆ ಹೊತ್ತಿಗೆ ಚಪ್ಪಲಿ ಮೂಗಿನ ಹತ್ತಿರ ಇರುತ್ತೆ, ಹೆಸರು ಚಪ್ಪಲಿಗೆ ಬರುತ್ತೆ. ಗಡಿಯಾರ ನೋಡಿ. 5 ನಿಮಿಷ ದಾಟಿದರೆ, ಎಚ್ಚರ ಆಗದೆ ಮತ್ತೊಂದು ಬಂದರೆ, ತಲೆಗೆ ಪೆಟ್ಟಾದರೆ 108ಕ್ಕೆ ಫೋನ್. ದೊಡ್ಡದು ಯಾವ ಬಗೆಯದು ಅಂತ ತೀರ್ಮಾನ ಆಗೋವರೆಗೆ ಅದಕ್ಕೂ ಇದೇ ನಿಯಮ.

ತಾಯಿ ಹುಲಿಗೆಮ್ಮನಿಗೆ ಹರಕೆ ಹೊತ್ತಿದ್ದರು, ಹುಣ್ಣಿಮೆಗೆ ಮಗನನ್ನು ಹುಲಿಗಿಗೆ ಕರೆದುಕೊಂಡು ಹೋಗೋದು ಅಂತ. ಮಗ ಬರಲ್ಲ ಅಂತ ಹಟ. ನಾನು ಹೋಗಿಬನ್ನಿ ಅಂದೆ. ಆ ಮುದುಕಿಗೆ ಮಾಡೋಕೆ ಉಳಿದಿದ್ದು ಅದೊಂದೇ, ಅದನ್ನೂ ಕಿತ್ಕೊಂಡು ನಾನು ಸಾಧಿಸೋದೇನು? ಮಾತ್ರೆಯ ಹೊತ್ತು ತಪ್ಪಬಾರದು, ಹೊಳೆಯ ಮೆಟ್ಟಿಲಲ್ಲಿ ಒಬ್ಬರೇ ಇಳಿಯಬಾರದು, ಉಪವಾಸ ಬೇಡ, ಯಾರಾದರೂ ಹೊಡೆದು ಬಡಿದು ಗಾಳಿ ಬಿಡಿಸ್ತೀನಿ ಅಂದ್ರೆ ಎದ್ದು ಬರಬೇಕು. ಅಮ್ಮ ಎಲ್ಲಕ್ಕೂ ಒಪ್ಪಿದರು.

ಮಾನಸಿಕ ತಜ್ಞರ ಹತ್ತಿರ ಹೋಗಿ ಅಂದಾಗ ಮಾತ್ರ ಇವರು ಸಿಡಿದರು, "ನಾ ಹುಚ್ಚ ಅಲ್ಲ" ಅಂತ. ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯ ಕಥೆ ಹೇಳಿದೆ. 1985ರಲ್ಲಿ ನಿಮ್ಹಾನ್ಸ್ ಅಲ್ಲಿ ಒಂದು ಪ್ರಯೋಗ ಶುರು ಮಾಡಿತು. ಹಳ್ಳಿ ಆಸ್ಪತ್ರೆಗಳ ವೈದ್ಯರಿಗೆ, ಸಿಬ್ಬಂದಿಗೆ ತರಬೇತಿ ಕೊಟ್ಟು ಮಾನಸಿಕ ಕಾಯಿಲೆಗೂ ಮೂರ್ಛೆ ರೋಗಕ್ಕೂ ಅಲ್ಲೇ ಚಿಕಿತ್ಸೆ ಸಿಗುವಂತೆ ಮಾಡಿತು. 1996ರಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಇದೇ ಬಳ್ಳಾರಿ ಮಾದರಿ ಬುನಾದಿ. ಫಿಟ್ಸ್ ಇರುವವರು ಆ ಬಾಗಿಲಲ್ಲಿ ನಿಲ್ಲೋದು ನಮ್ಮ ಸೀಮೆಗೆ ಹೊಸದಲ್ಲ. ಈಗಲೂ ತಾಲ್ಲೂಕು ಆಸ್ಪತ್ರೆಗಳಿಗೆ ಮಂಗಳವಾರ ತಜ್ಞರು ಬರುವ ಮನೋಚೈತನ್ಯ ಕ್ಲಿನಿಕ್ ಇದೆ.

ಮೆದುಳಿನ ವಿದ್ಯುತ್ತಿನಲ್ಲಿ ಏರುಪೇರು ಇಲ್ಲದೆಯೂ ದೇಹ ಫಿಟ್ಸ್ ತರಹವೇ ಅದುರುವ ಒಂದು ಬಗೆ ಇದೆ ಅನ್ನೋದನ್ನೂ ಆಗಲೇ ಹೇಳಿದೆ. ಅದು ಬೇಕಂತ ಮಾಡೋದಲ್ಲ, ತಡೆದರೆ ನಿಲ್ಲೋದಲ್ಲ. ಅದಕ್ಕೂ ಚಿಕಿತ್ಸೆ ಇದೆ, ಹೆಚ್ಚಾಗಿ ಮಾತಿನ ಚಿಕಿತ್ಸೆ. ಕೆಲವರಿಗೆ ಎರಡೂ ಒಟ್ಟಿಗೆ ಇರುತ್ತೆ. ದೊಡ್ಡದು ಬರುವ ಮುಂಚೆ ಕೈ ಜೋಮು ಹಿಡಿಯುತ್ತೆ ಅಂತ ಅವರೇ ಗುರುತಿಸಿದ್ದರು. ಆಗ ತಕ್ಷಣ ನೆಲಕ್ಕೆ ಕೂತು, ಅಂಗಾಲು ಒತ್ತಿ, ಕಣ್ಣಿಗೆ ಕಾಣುವ ಐದು ವಸ್ತುಗಳ ಹೆಸರು ಗಟ್ಟಿಯಾಗಿ ಹೇಳೋದು ಅಭ್ಯಾಸ ಮಾಡಿಸಿದೆ. ಕೆಲವು ಸಲ ತಪ್ಪಿದೆ, ಕೆಲವು ಸಲ ಬಂದೇ ಬಂದಿದೆ.

ಸಾಯುವ ಯೋಚನೆ ಬಂದಿದೆಯಾ ಅಂತ ನೇರವಾಗಿ ಕೇಳಿದೆ. ಕೇಳಿದರೆ ತಲೆಗೆ ಹಾಕಿದಂಗಾಗುತ್ತೆ ಅಂತ ಜನ ಹೆದರುತ್ತಾರೆ, ಹಾಗೇನೂ ಇಲ್ಲ. "ಬದುಕಿ ಏನ್ ಮಾಡೂದು ಅನ್ನಸ್ತೈತಿ, ಮಗಳ ಮುಖ ನೋಡಿ ಸುಮ್ಕಾಗ್ತೀನಿ" ಅಂದರು. ಸರ್ಕಾರದ ಮಾನಸಿಕ ಸಹಾಯವಾಣಿ ಟೆಲಿ ಮನಸ್‌ನ ನಂಬರ್ 14416 ಅನ್ನು ಇಬ್ಬರ ಫೋನಿನಲ್ಲೂ ಸೇವ್ ಮಾಡಿಸಿದೆ. ಯಾವ ಹೊತ್ತಲ್ಲಾದರೂ ಕನ್ನಡದಲ್ಲೇ ಮಾತಾಡಬಹುದು.

ಮಗಳ ವಿಷಯ ತಡವಾಗಿ ಹೊರಬಂತು. ರಾತ್ರಿ ತನ್ನ ಓಢಣಿಯ ತುದಿಯನ್ನು ಅಪ್ಪನ ಮುಂಗೈಗೆ ಕಟ್ಟಿ, ಇನ್ನೊಂದು ತುದಿ ತನ್ನ ಕೈಗೆ ಕಟ್ಟಿಕೊಂಡು ಮಲಗುತ್ತಿದ್ದಳಂತೆ, ಅದುರಿದರೆ ಎಚ್ಚರ ಆಗಲಿ ಅಂತ. ಕ್ಲಾಸಿನಲ್ಲಿ ತೂಕಡಿಸುತ್ತಾಳೆ ಅಂತ ಟೀಚರ್ ಹೇಳಿಕಳಿಸಿದ ಮೇಲೆ ಗೊತ್ತಾಗಿದ್ದು. ಅವಳನ್ನು ಒಬ್ಬಳನ್ನೇ ಕೂರಿಸಿ ಮಾತಾಡಿದೆ. ನಿನ್ನ ವಿಡಿಯೋದಿಂದ ಡಾಕ್ಟರಿಗೆ ತುಂಬಾ ಉಪಯೋಗ ಆಗುತ್ತೆ, ನಿನ್ನ ಕೆಲಸ ಅಲ್ಲಿಗೆ ಮುಗೀತು, ಕಾವಲು ದೊಡ್ಡವರದು ಅಂದೆ. ತಕ್ಷಣ ಒಪ್ಪಲಿಲ್ಲ. ಅಜ್ಜಿ ಅಪ್ಪನ ಮಂಚದ ಪಕ್ಕ ಚಾಪೆ ಹಾಸಿಕೊಂಡ ಮೇಲೆ ಒಪ್ಪಿದಳು.

ನರರೋಗ ತಜ್ಞರು ವಿಡಿಯೋ ನೋಡಿ, ನೋಟ್‌ಬುಕ್ ತಿರುವಿ, ಹೆಂಡತಿಯನ್ನು ಬಹಳ ಹೊತ್ತು ಕೇಳಿದರು. ಸಣ್ಣದು ಮೂರ್ಛೆ ರೋಗದ್ದೇ ಇರಬಹುದು, ದೊಡ್ಡದು ಬೇರೆ ಬಗೆಯದು ಇರಬಹುದು, ಖಚಿತ ಆಗೋಕೆ ವಿಡಿಯೋ ಇಇಜಿ ಬೇಕು ಅಂದಿದ್ದಾರೆ. ಕ್ಯಾಮೆರಾ ಮತ್ತು ಇಇಜಿ ಎರಡನ್ನೂ ಒಟ್ಟಿಗೆ ಇಟ್ಟು, ಬರುವವರೆಗೆ ಕಾದು ನೋಡುವ ಪರೀಕ್ಷೆ. ಬೆಂಗಳೂರಿನ ನಿಮ್ಹಾನ್ಸ್‌ಗೆ ಬರೆದುಕೊಟ್ಟಿದ್ದಾರೆ. ಪರೀಕ್ಷೆಗೆ ಮುಂಚೆ ಮಾತ್ರೆ ತಾವಾಗಿ ನಿಲ್ಲಿಸಬಾರದು, ಕಮ್ಮಿ ಮಾಡಬೇಕಿದ್ದರೆ ವಾರ್ಡಿನವರೇ ಮಾಡುತ್ತಾರೆ ಅಂತ ಮತ್ತೆ ನೆನಪಿಸಿದೆ. ಆಸ್ಪತ್ರೆಯಲ್ಲಿ ಏನೂ ಬರದೇ ಹೋದರೆ ಅಂತ ಅವರಿಗೆ ಭಯ. ಹಾಗೂ ಆಗುತ್ತೆ, ಆಗ ಇನ್ನೊಮ್ಮೆ ಮಾಡುತ್ತಾರೆ.

ಜೊತೆಗೆ ಅಣ್ಣ ಬರುತ್ತಾರೆ ಅಂದರು. ಬರಲಿ, ಆದರೆ ಡಾಕ್ಟರ್ ಮುಂದೆ ಕೂರೋದು ಹೆಂಡತಿ ಅಂದೆ. ಮೂರು ಜನಕ್ಕೂ ಹೊಸಪೇಟೆಯಿಂದ ಹಂಪಿ ಎಕ್ಸ್‌ಪ್ರೆಸ್‌ಗೆ ಟಿಕೆಟ್ ಆಗಿದೆ. ಇವರದು ಕೆಳಗಿನ ಬರ್ತ್.